ನಾಯಿಗಳಿಗೊಂದು ಉದ್ಯಾನ: ಎಲ್ಲಿ, ಎಷ್ಟು ದೂರದಲ್ಲಿ?

ಚಾರ್ಮಾಡಿಯ ಪೇಟೆಯನ್ನು ದಾಟಿ ಕೊಟ್ಟಿಗೆಹಾರದ ಕಡೆಗೆ ಘಟ್ಟವನ್ನೇರುವ ಹೆದ್ದಾರಿಯ ತಿರುವುಗಳಲ್ಲಿ ವಾಹನಗಳನ್ನು ನಿಲ್ಲಿಸಿ ಕಣಿವೆಯನ್ನು ನೋಡುವುದು ಪ್ರವಾಸಿಗಳ ವಾಡಿಕೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ಅಂತಹ ಒಂದು ತಿರುವಿನಲ್ಲಿ ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ನಿಂತಿದ್ದೆ. ಆತ ಈಗ ಬೆಂಗಳೂರಿನಲ್ಲಿ ಉದ್ಯೋಗಸ್ಥ. ಅವನ ಸಂಗಡ ಎರಡು ವರ್ಷ ಪ್ರಾಯದ ಲ್ಯಾಬ್ರಡಾರ್ ನಾಯಿಯೊಂದಿತ್ತು. ಏಳನೆಯ ಅಂತಸ್ತಿನ ಮನೆಯಲ್ಲಿ ಬೆಳೆದ ಪ್ರಾಣಿ ಅದು. "ಇದಕ್ಕೆ ಓಡಲು ಇಂದಾದರೂ ಒಂದು ಜಾಗ ಸಿಕ್ಕಿತು, ಸರ್" ಎನ್ನುತ್ತ ಅವನು ಅದರ ಹಗ್ಗವನ್ನು ಬಿಚ್ಚಿದ. ನಾನು ಬೇಡವೆನ್ನುವಷ್ಟರಲ್ಲಿ ನಾಯಿಯು ಪೊದೆಗಳೊಳಗೆ ನುಗ್ಗಿಯಾಗಿತ್ತು. ಕಾಡುಕೋಳಿಯೊಂದು ಕಿರಿಚಿ ಮೇಲೆದ್ದಿತು; ಮರದ ತುದಿಯಿಂದ ಕೆಂದಳಿಲು ಗದರಿತು; ಅದುವರೆಗೂ ತೊರೆಯ ಬದಿಯಲ್ಲಿ ಇಂಪಾಗಿ ಸಿಳ್ಳು ಹಾಕುತ್ತಿದ್ದ ಸಿಳ್ಳಾರ ಹಕ್ಕಿ ಥಟ್ಟನೆ ಸುಮ್ಮನಾಯಿತು. ನಾಯಿಯು ಯಾವ ಪ್ರಾಣಿಯನ್ನೂ ಹಿಡಿಯಲಿಲ್ಲ. ನಾಲ್ಕು ನಿಮಿಷಗಳಲ್ಲಿ ಅದು ಬಾಲವನ್ನಾಡಿಸುತ್ತ ಹಿಂದಿರುಗಿತು.

"ಯಾರಿಗೂ ಏನೂ ಆಗಲಿಲ್ಲವಲ್ಲ, ಸರ್?" ಎಂದು ಅವನು ಕೇಳಿದ.

ಈ ಪ್ರಶ್ನೆಗೆ ನಾನು ಅಲ್ಲಿಯೇ ಸರಿಯಾದ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ಕಾಗದ ಪೆನ್ಸಿಲು ಹಿಡಿದು ಕುಳಿತಾಗ ಉತ್ತರವು ನಾನೆಣಿಸಿದುದಕ್ಕಿಂತ ಉದ್ದವಾಯಿತು.

ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಕಡೆಗಳಲ್ಲಿ ನಾಯಿಗೆ ಪ್ರತ್ಯೇಕ ಉದ್ಯಾನ ಬೇಕೆಂದು ಯಾರೂ ಕೇಳಿದವರಿಲ್ಲ. ಇಲ್ಲಿ ಅದಕ್ಕೆ ಅಂಗಳವಿದೆ, ಅಡಕೆಯ ತೋಟವಿದೆ. ಮಂಗ ಹಂದಿಗಳನ್ನು ಓಡಿಸುವ ಉದ್ಯೋಗವೂ ಇದೆ. ಬೆಂಗಳೂರಿನಂತಹ ನಗರದಲ್ಲಿ ಸ್ಥಿತಿ ಬೇರೆ. ಅಲ್ಲಿನ ಕಬ್ಬನ್ ಉದ್ಯಾನವು 1870ರಲ್ಲಿ, ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರ ಕಾಲದಲ್ಲಿ, ಸುಮಾರು 100 ಎಕರೆಗಳಲ್ಲಿ ಆರಂಭವಾಗಿ ಮುಂದೆ ವಿಸ್ತಾರಗೊಂಡಿತು. ಅದಕ್ಕೆ 1975ರ ಸರಕಾರೀ ಉದ್ಯಾನಗಳ ಸಂರಕ್ಷಣಾ ಕಾಯಿದೆಯ ಆಸರೆಯೂ ಇದೆ. 2022ರ ಜೂನ್ ತಿಂಗಳಿನಲ್ಲಿ, ಮುಂದಿನ ಜುಲೈ 1ರಿಂದ ಸಾಕುನಾಯಿಗಳನ್ನು ಈ ಉದ್ಯಾನದೊಳಕ್ಕೆ ಬಿಡಲಾಗದೆಂದು ತೋಟಗಾರಿಕೆ ಇಲಾಖೆಯು ತಿಳಿಸಿತು. ಕೆಲವರು ಹಗ್ಗವಿಲ್ಲದೆ ನಾಯಿಗಳನ್ನು ಬಿಡುತ್ತಾರೆ, ಮಲವನ್ನು ಹೆಕ್ಕುವುದಿಲ್ಲ, ವೃದ್ಧರೂ ಮಕ್ಕಳೂ ಹೆದರುತ್ತಾರೆ ಎಂಬುವು ಅದಕ್ಕೆ ಕೊಟ್ಟ ಕಾರಣಗಳು. ನಾಯಿಯೊಡೆಯರು ಅರ್ಜಿಗಳನ್ನು ಬರೆದರು, ಪ್ರತಿಭಟಿಸಿದರು. ನಡಿಗೆಗೆ ಬರುವವರಲ್ಲಿ ಅನೇಕರು ನಿಷೇಧವನ್ನು ಬೆಂಬಲಿಸಿದರು. ಕಡೆಗೆ ನಿಷೇಧವು ಜಾರಿಗೆ ಬರಲಿಲ್ಲ. ಇಂತಹ ಜಗಳಗಳಲ್ಲೆಲ್ಲ ಮೂರನೆಯ ಒಂದು ಸಲಹೆ ಹುಟ್ಟುವುದು ಸಹಜ: ಉದ್ಯಾನದ ಒಂದು ಭಾಗಕ್ಕೆ ಬೇಲಿ ಹಾಕಿ ನಾಯಿಗಳಿಗೇ ಬಿಟ್ಟುಬಿಡೋಣ. ಬೇಲಿಯೊಳಗೆ ನಾಯಿ, ಹೊರಗೆ ಮನುಷ್ಯ, ಅಲ್ಲಿಗೆ ತಂಟೆ ಮುಗಿಯಿತು ಎಂದು ತೋರುವುದು.

ನಾಯಿಯೊಡೆಯರ ಬೇಡಿಕೆಯನ್ನು ಶ್ರೀಮಂತರ ಚಪಲವೆಂದು ತಳ್ಳಿಹಾಕುವವರಿದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಬೇಟೆಗಾಗಿ, ಮಂದೆಗಾಗಿ, ಸಾವಿರಾರು ವರ್ಷಗಳ ಆಯ್ಕೆಯಿಂದ ಓಟಕ್ಕೆಂದೇ ರೂಪುಗೊಂಡ ಪ್ರಾಣಿಯನ್ನು ಹತ್ತು ಅಡಿ ಬಾಲ್ಕನಿಯಲ್ಲಿ ಕಟ್ಟಿಡುವುದು ದಯೆಯಲ್ಲ. ನಾಯಿಗಳಿಗೆಂದೇ ಮೀಸಲಿಟ್ಟ ಉದ್ಯಾನಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೆಸರಿಸುವುದು ಕ್ಯಾಲಿಫೋರ್ನಿಯದ ಬರ್ಕ್ಲಿ ನಗರದ ಓಲೋನಿ ಉದ್ಯಾನದಲ್ಲಿ 1979ರಲ್ಲಿ ತೆರೆದುದನ್ನು. ಅದರ ನೆಲದ ಚರಿತ್ರೆ ಗಮನಿಸತಕ್ಕದ್ದು. ಭೂಗತ ರೈಲುಮಾರ್ಗವನ್ನು ಹೂಳುವುದಕ್ಕೋಸ್ಕರ ಅಲ್ಲಿದ್ದ ಮನೆಗಳನ್ನು ಕೆಡವಿದ್ದರು. ಹಾಗೆ ಬರಿದಾದ ಭೂಮಿಯ ಮೇಲೆ ಉದ್ಯಾನವೆದ್ದಿತು. ಕಾಡನ್ನಾಗಲಿ ಹುಲ್ಲುಗಾವಲನ್ನಾಗಲಿ ಅದಕ್ಕಾಗಿ ಕಳೆದುಕೊಳ್ಳಲಿಲ್ಲ. ಮುಂದೆ ಅನೇಕ ಊರುಗಳು ಈ ಉದಾಹರಣೆಯನ್ನು ಅನುಸರಿಸಿದರೂ ಅದರ ಈ ಅರ್ಧವನ್ನು ಮರೆತವು.

ಈಗ ಅಳತೆಗಳಿಗೆ ಬರೋಣ. ಹಗ್ಗದಲ್ಲಿ ಕಟ್ಟಿದ ನಾಯಿಯು ಹಕ್ಕಿಗಳಿಗೆ ಏನು ಮಾಡೀತು? ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು, ಬ್ಯಾಂಕ್ಸ್ ಮತ್ತು ಬ್ರಯಂಟ್, ಸಿಡ್ನಿಯ ಸಮೀಪದ ಕಾಡುಗಳಲ್ಲಿ 90 ಸ್ಥಳಗಳನ್ನು ಆರಿಸಿ ಇದನ್ನು ಪರೀಕ್ಷಿಸಿದರು. ಕೆಲವು ದಾರಿಗಳಲ್ಲಿ ನಾಯಿಯೊಡನೆ ಮನುಷ್ಯ ನಡೆದ, ಕೆಲವದರಲ್ಲಿ ಮನುಷ್ಯನೊಬ್ಬನೇ, ಇನ್ನು ಕೆಲವದರಲ್ಲಿ ಯಾರೂ ಇಲ್ಲ. ಅನಂತರ ಹಕ್ಕಿಗಳನ್ನು ಎಣಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನಾಯಿ ನಡೆದ ದಾರಿಗಳಲ್ಲಿ ಹಕ್ಕಿಗಳ ಜಾತಿಗಳು ನೂರಕ್ಕೆ 35ರಷ್ಟೂ ಒಟ್ಟು ಸಂಖ್ಯೆ ನೂರಕ್ಕೆ 41ರಷ್ಟೂ ಕಡಿಮೆಯಾಗಿದ್ದುವು. ಮನುಷ್ಯನೊಬ್ಬನೇ ನಡೆದಾಗಲೂ ಹಕ್ಕಿಗಳು ಸರಿದುಹೋದದ್ದುಂಟು, ಆದರೆ ಪರಿಣಾಮ ಇದರ ಅರ್ಧಕ್ಕಿಂತ ಕಡಿಮೆ. ನಾಯಿಗಳನ್ನು ನಿತ್ಯವೂ ಕರೆದೊಯ್ಯುವ ಸ್ಥಳಗಳಲ್ಲಿಯೂ ಹಕ್ಕಿಗಳು ಇದಕ್ಕೆ ಒಗ್ಗಿಕೊಂಡಿರಲಿಲ್ಲ. ನಾಲ್ಕು ಕಾಲಿನ, ಚೂಪು ಮೂತಿಯ ಆಕಾರವೊಂದು ನೆಲದ ಮೇಲೆ ಚಲಿಸಿತೆಂದರೆ ಹಕ್ಕಿಯ ಪಾಲಿಗೆ ಅದು ಬೇಟೆಗಾರ; ಕೊರಳಲ್ಲಿ ಹಗ್ಗವಿದೆಯೇ ಎಂದು ನೋಡುವಷ್ಟು ವ್ಯವಧಾನ ಅದಕ್ಕೆಲ್ಲಿ?

ಬೇಲಿಯು ನಾಯಿಯ ದೇಹವನ್ನು ತಡೆಯುವುದು. ಅದರ ಧ್ವನಿಯನ್ನೂ ನೋಟವನ್ನೂ ತಡೆಯಲಾರದು. ಒಂದು ಮೀಟರ್ ದೂರದಲ್ಲಿ ಬೊಗಳಿನ ಮಟ್ಟ 90 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಬಯಲಿನಲ್ಲಿ ದೂರವು ಎರಡರಷ್ಟಾದಾಗಲೆಲ್ಲ ಶಬ್ದದ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುವುದೆಂಬುದು ಪಿ.ಯು.ಸಿ. ವಿದ್ಯಾರ್ಥಿಗಳಿಗೆ ವಿದಿತವೇ ಇದೆ. ಅಂದರೆ 6 ಡೆಸಿಬೆಲ್ ಕಡಿಮೆಯಾಗುವುದು. ಆರು ಸಲ ಇಮ್ಮಡಿಸಿದರೆ ದೂರ 64 ಮೀಟರ್, ಶಬ್ದ 54 ಡೆಸಿಬೆಲ್. ಎಲೆಗಳೂ ನೆಲವೂ ಇನ್ನಷ್ಟನ್ನು ಹೀರಿಕೊಂಡರೂ, ಎದುರಿಗೆ ಕುಳಿತವರ ಸಂಭಾಷಣೆಗಿಂತ ಅದು ಬಹಳ ಕಡಿಮೆಯಾಗಲಿಲ್ಲ.

ಹೀಗಿರುವಲ್ಲಿ ಬೇಲಿಯ ಗೆರೆಯಿಂದ 50 ಮೀಟರ್ ದೂರದವರೆಗೆ ವನ್ಯಜೀವಿಗಳು ನೆಮ್ಮದಿಯಿಂದ ಇರಲಾರವೆಂದು ಭಾವಿಸೋಣ. ಈ 50 ಎಂಬುದು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಸಂಖ್ಯೆ. ಜಾತಿಜಾತಿಗೂ ಅದು ಬೇರೆಯಾಗುವುದು. ಉದ್ಯಾನದ ನಡುವೆ ಒಂದು ಎಕರೆಯ, ಎಂದರೆ ಸುಮಾರು 4,047 ಚದರ ಮೀಟರಿನ, ವೃತ್ತಾಕಾರದ ಆವರಣವನ್ನು ಕಟ್ಟಿದೆವು ಎನ್ನಿ. ಅದರ ತ್ರಿಜ್ಯ 36 ಮೀಟರ್. 50 ಮೀಟರಿನ ಅಂಚನ್ನು ಸೇರಿಸಿದಾಗ ತ್ರಿಜ್ಯ 86 ಮೀಟರ್ ಆಗಿ, ವಿಸ್ತೀರ್ಣವು ಸುಮಾರು 23,200 ಚದರ ಮೀಟರಿಗೆ ಏರುವುದು. ಅಂದರೆ ಐದೂ ಮುಕ್ಕಾಲು ಎಕರೆ! ಕಾಗದದ ಮೇಲೆ ಕೊಟ್ಟದ್ದು ಒಂದು ಎಕರೆ, ನೆಲದ ಮೇಲೆ ಹೋದದ್ದು ಹತ್ತಿರ ಹತ್ತಿರ ಆರು. ಅದೇ ಒಂದು ಎಕರೆಯನ್ನು ಚೌಕವಾಗಿ ಮಾಡಿ, ಎರಡು ಕಡೆ ರಸ್ತೆಯಿರುವ ಉದ್ಯಾನದ ಮೂಲೆಯಲ್ಲಿಟ್ಟರೆ ಉದ್ಯಾನದೊಳಗೆ ಕೆಡುವ ಭಾಗ ಮೂರು ಎಕರೆಯಷ್ಟೇ. ನಾಯಿಗಳಿಗೆ ಸಿಕ್ಕ ಜಾಗದಲ್ಲಿ ಒಂದು ಅಡಿಯೂ ಕಡಿಮೆಯಾಗಲಿಲ್ಲ. ವಾದವಿವಾದಗಳ ಸಭೆಯಲ್ಲಿ ಎಷ್ಟು ಎಕರೆ ಎಂದು ಗಂಟೆಗಟ್ಟಲೆ ಹೊಡೆದಾಡುವವರು ಎಲ್ಲಿ ಎಂಬುದನ್ನು ಮೊದಲು ಕೇಳುವುದು ಒಳಿತೆಂದು ನನಗೆ ತೋರುವುದು ಇದರಿಂದಲೇ.

ಇನ್ನು ನೆಲದ ವಿಷಯ. ಹಸುವು ಗದ್ದೆಯಲ್ಲಿ ಮೇದು ಗದ್ದೆಯಲ್ಲಿಯೇ ಸೆಗಣಿ ಹಾಕಿದರೆ ಮಣ್ಣಿನ ಜಮಾಖರ್ಚು ಬಹುಮಟ್ಟಿಗೆ ಸರಿಹೋಗುವುದು. ನಾಯಿಯ ರೀತಿ ಹಾಗಲ್ಲ. ಅದು ಮನೆಯಲ್ಲಿ ಉಣ್ಣುವುದು, ಉದ್ಯಾನದಲ್ಲಿ ವಿಸರ್ಜಿಸುವುದು. ದ್ರವ್ಯವು ನಾಶವಾಗುವುದಿಲ್ಲವೆಂಬ ನಿಯಮಕ್ಕೆ ಇದೂ ಒಳಪಟ್ಟದ್ದೇ: ಅಂಗಡಿಯ ಚೀಲದಲ್ಲಿದ್ದ ಸಾರಜನಕ ಮತ್ತು ರಂಜಕಗಳು ದಿನದಿನವೂ ಏಕಮುಖವಾಗಿ ಉದ್ಯಾನದ ಮಣ್ಣಿಗೆ ಸಾಗುವುವು. ಬೆಲ್ಜಿಯಮಿನ ಘೆಂಟ್ ನಗರದ ಅಂಚಿನ ನಾಲ್ಕು ನಿಸರ್ಗಧಾಮಗಳಲ್ಲಿ ಸಂಶೋಧಕರು ಹದಿನೆಂಟು ತಿಂಗಳ ಕಾಲ ನಾಯಿಗಳನ್ನು ಎಣಿಸಿ, 2022ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ವರ್ಷಕ್ಕೆ ಹೆಕ್ಟೇರಿಗೆ 11 ಕಿಲೋಗ್ರಾಂ ಸಾರಜನಕ, 5 ಕಿಲೋಗ್ರಾಂ ರಂಜಕ! ಕಾರ್ಖಾನೆ ವಾಹನಗಳ ಹೊಗೆಯಿಂದಲೂ ಕೃಷಿಯಿಂದಲೂ ಗಾಳಿಯ ಮೂಲಕ ಆ ಪ್ರದೇಶದ ಮಣ್ಣಿಗೆ ಬೀಳುವ ಸಾರಜನಕ 5ರಿಂದ 25 ಕಿಲೋಗ್ರಾಂ ಎಂಬುದನ್ನು ನೆನೆದರೆ ಇದು ಅಲ್ಪವಲ್ಲ. ಎಲ್ಲ ನಾಯಿಗಳನ್ನೂ ಹಗ್ಗದಲ್ಲಿಯೇ ನಡೆಸಿದರೆ ಏನಾಗಬಹುದೆಂದೂ ಅವರು ಗಣಿಸಿದರು. ಧಾಮದ ಒಳಭಾಗ ತಕ್ಕಮಟ್ಟಿಗೆ ಪಾರಾಗುವುದು. ಆದರೆ ಕಾಲುದಾರಿಗಳ ಅಂಚಿನಲ್ಲಿ ಹೆಕ್ಟೇರಿಗೆ 175 ಕಿಲೋಗ್ರಾಂ ಸಾರಜನಕವೂ 73 ಕಿಲೋಗ್ರಾಂ ರಂಜಕವೂ ಶೇಖರವಾಗುವುವು. ಅಲ್ಲಿನ ಹೊಲಗಳಿಗೆ ಕಾನೂನು ಅನುಮತಿಸುವ ಗೊಬ್ಬರದ ಮಿತಿಯನ್ನೂ ಇದು ಮೀರುವುದು. ಬೇಲಿ ಹಾಕಿದ ಆವರಣವು ಇದೇ ಕೆಲಸವನ್ನು ಇನ್ನೂ ಬಿಗಿಯಾಗಿ ಮಾಡುವುದು. ಹೊರಗಣ ನೆಲ ಉಳಿಯುವುದು, ಒಳಗಣ ನೆಲ ಮುಗಿಯುವುದು.

ಗೊಬ್ಬರ ಬಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನಮ್ಮ ಕೃಷಿಕ ಕುಟುಂಬಗಳ ಹುಡುಗರು ಕೇಳುವುದುಂಟು. ತೋಟಕ್ಕೆ ಒಳ್ಳೆಯದು. ಆದರೆ ಮೂಡುಬಿದಿರೆ, ಬಂಟ್ವಾಳಗಳ ಕಡೆಯ ಮುರಕಲ್ಲಿನ ಪದವುಗಳನ್ನು ಮಳೆಗಾಲದಲ್ಲೊಮ್ಮೆ ಮಂಡಿಯೂರಿ ನೋಡಿ. ಬೇಸಗೆಯಲ್ಲಿ ಕಾದ ಕಾವಲಿಯಂತೆ ಬೋಳಾಗಿ ಬಿದ್ದಿರುವ ಈ ಕಲ್ಲುನೆಲದಲ್ಲಿ, ಮಳೆ ನೀರು ನಿಂತೊಡನೆ, ಬೆರಳುದ್ದದ ಗಿಡಗಳು ನೇರಿಳೆ, ಹಳದಿ ಹೂಗಳನ್ನು ಬಿಡುವುವು. ಅವುಗಳಲ್ಲಿ ಯುಟ್ರಿಕ್ಯುಲೇರಿಯ, ಡ್ರೊಸೆರಾಗಳಂತಹ ಕೀಟಾಹಾರಿಗಳೂ ಇವೆ. ಅವು ಹುಳುಗಳನ್ನು ಹಿಡಿದು ಬದುಕುವುದು ವಿನೋದಕ್ಕಲ್ಲ; ಆ ನೆಲದಲ್ಲಿ ಸಾರಜನಕವಿಲ್ಲ. ಆ ಬಡತನವೇ ಅವುಗಳ ಕೋಟೆ. ಅಲ್ಲಿಗೆ ಗೊಬ್ಬರವನ್ನು ತಂದು ಸುರಿದೆವೆಂದರೆ ಬಲವಾದ ಹುಲ್ಲು ಕಳೆಗಳು ಬಂದು ಅವನ್ನು ಮುಚ್ಚಿಹಾಕುವುವು. ದುರದೃಷ್ಟವೆಂದರೆ, ನಾಳೆ ನಮ್ಮ ಜಿಲ್ಲೆಯಲ್ಲಿ ಯಾರಾದರೂ ನಾಯಿಗಳಿಗೆ ಬಯಲೊಂದನ್ನು ಹುಡುಕಹೊರಟರೆ ಮೊದಲು ಕಣ್ಣಿಗೆ ಬೀಳುವುದು ಈ ಪದವುಗಳೇ. ಕಡತಗಳಲ್ಲಿ ಬರಿಯ ಬಂಜರು ಎಂದು ಬರೆದ ಭೂಮಿಯ ಪರವಾಗಿ ಯಾವ ಸಂಘ ಎದ್ದು ನಿಂತೀತು?

ರೋಗದ ಸಂಗತಿಯನ್ನೂ ಹೇಳಬೇಕು. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಎಂಬ ನಾಯಿಗಳ ವೈರಸ್ ರೋಗದಿಂದ ಅಲ್ಲಿನ ಸಿಂಹಗಳಲ್ಲಿ ಮೂರನೆಯ ಒಂದು ಪಾಲು, ಸುಮಾರು ಒಂದು ಸಾವಿರ, ಸತ್ತುವು. ಸುತ್ತಣ ಹಳ್ಳಿಗಳ ನಾಯಿಗಳಿಂದ ಸೋಂಕು ಹಬ್ಬಿತೆಂದು ವಿಜ್ಞಾನಿಗಳು ಶಂಕಿಸಿದರು. 2018ರಲ್ಲಿ ನಮ್ಮ ಗಿರ್ ಅರಣ್ಯದಲ್ಲಿ ಮಡಿದ ಸಿಂಹಗಳಲ್ಲಿಯೂ ಇದೇ ವೈರಸ್ ಕಂಡುಬಂದಿತು. ಪಶ್ಚಿಮಘಟ್ಟದ ಸೀಳುನಾಯಿಗೂ ಈ ರೋಗ ತಗಲಬಲ್ಲದು. ಲಸಿಕೆ ಹಾಕಿಸಿಕೊಂಡ ನಗರದ ನಾಯಿಯಿಂದ ಭಯ ಕಡಿಮೆ. ಅದನ್ನು ನಾನು ಒಪ್ಪುವೆನು. ಆದರೆ ಘಟ್ಟದ ತಿರುವಿನಲ್ಲಿ ಲಸಿಕೆಯ ಚೀಟಿಯನ್ನು ಪರೀಕ್ಷಿಸುವವರು ಯಾರು?

ಇಷ್ಟರಿಂದ ನಾನು ನಾಯಿಗಳ ವಿರೋಧಿಯೆಂದು ಯಾರೂ ಭಾವಿಸಬಾರದು. ಕಬ್ಬನ್ ಉದ್ಯಾನದ ವಿಷಯದಲ್ಲಿ ಪೂರ್ಣ ನಿಷೇಧ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಅದರ ಬಹುಭಾಗ ಮನುಷ್ಯರು ನೆಟ್ಟು ಬೆಳೆಸಿದ ತೋಪು, ಹುಲ್ಲುಹಾಸು, ರಸ್ತೆ. ಸಾವಿರಾರು ಜನ ದಿನವೂ ತುಳಿಯುವ ಅದರ ಯಾವುದಾದರೊಂದು ಮೂಲೆ ನಾಯಿಗಳಿಗೆ ಸಲ್ಲಬಹುದು. ಅಲ್ಲಿನ ಬಿದಿರುಮೆಳೆಗೂ ಬಂಡೆಗಳ ಆಸುಪಾಸಿಗೂ ಅದೇ ಮಾತು ಸಲ್ಲದು.

ಈ ವ್ಯತ್ಯಾಸವನ್ನು ಮೊದಲೇ ಮಾಡಿಕೊಳ್ಳದಿದ್ದರೆ ಎಷ್ಟು ಕಾಲ ಹೆಣಗಬೇಕಾಗುವುದೆಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಸಾಕ್ಷಿ. ಅಲ್ಲಿನ ಗೋಲ್ಡನ್ ಗೇಟ್ ರಾಷ್ಟ್ರೀಯ ವಿಹಾರಧಾಮದ ಕೆಲವು ಭಾಗಗಳಲ್ಲಿ ನಾಯಿಗಳನ್ನು ಹಗ್ಗವಿಲ್ಲದೆ ಬಿಡಲು 1979ರಲ್ಲಿಯೇ ಸಮ್ಮತಿ ದೊರೆಯಿತು. ಅದೇ ಕಡಲತೀರದಲ್ಲಿ ಸ್ನೋಯಿ ಪ್ಲವರ್ ಎಂಬ ಪುಟ್ಟ ಹಕ್ಕಿಗಳು ಚಳಿಗಾಲವನ್ನು ಕಳೆಯುವುವು. ಮರಳಿನ ಕುಳಿಯಲ್ಲಿ ಅಲುಗಾಡದೆ ಕುಳಿತು ಮೈಯಲ್ಲಿ ಶಕ್ತಿಯನ್ನು ಕೂಡಿಡುವುದು ಅವುಗಳ ಜೀವನಕ್ರಮ. ಪ್ರತಿಸಲ ಬೆದರಿ ಹಾರಿದಾಗಲೂ ಆ ಉಳಿತಾಯದಿಂದ ಒಂದಿಷ್ಟು ವೆಚ್ಚ. 1993ರಲ್ಲಿ ಈ ಹಕ್ಕಿಯು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ನಿಯಮಗಳನ್ನು ಬಿಗಿಗೊಳಿಸುವ ಪ್ರಸ್ತಾಪವೊಂದು ಬಹುಕಾಲದ ಚರ್ಚೆಯ ಬಳಿಕ 2016ರಲ್ಲಿ ಹೊರಬಿದ್ದು, 2017ರಲ್ಲಿ ಹಿಂತೆಗೆಯಲ್ಪಟ್ಟಿತು. ನಾಲ್ಕು ದಶಕಗಳಾಗುವಷ್ಟರಲ್ಲಿ, ಒಮ್ಮೆ ಕೊಟ್ಟ ಸೌಕರ್ಯ ಹಕ್ಕಾಗಿ ಬೇರೂರಿತ್ತು.

ಈ ಲೆಕ್ಕಗಳನ್ನೆಲ್ಲ ನಾನು ನನ್ನ ವಿದ್ಯಾರ್ಥಿಗೆ ಬರೆದು ಕಳುಹಿಸಿದೆ. ಅವನು ಚರ್ಚೆಗೆ ಹಿಂಜರಿಯುವವನಲ್ಲ. "ಸರ್, ನಾನು ಪ್ರತಿದಿನವೂ ಮಲವನ್ನು ಚೀಲದಲ್ಲಿ ಹೆಕ್ಕಿಕೊಳ್ಳುತ್ತೇನೆ. ಅದಕ್ಕೆ ನಿಮ್ಮ ಲೆಕ್ಕದಲ್ಲಿ ಅಂಕವಿಲ್ಲವೇ?" ಎಂದು ಕೇಳಿದ. ಇದೆ. ಘೆಂಟಿನ ಗಣನೆಯಂತೆ ಎಲ್ಲರೂ ಹಾಗೆ ಮಾಡಿದರೆ ರಂಜಕದಲ್ಲಿ ನೂರಕ್ಕೆ 97ರಷ್ಟು ತಪ್ಪುವುದು. ಸಾರಜನಕದಲ್ಲಿ 56 ಮಾತ್ರ. ಉಳಿದದ್ದು ಮೂತ್ರ, ಅದಕ್ಕೆ ಚೀಲವಿಲ್ಲ. ಹಾಗಾದರೆ ಆವರಣವನ್ನು ಕಾಡಿನಿಂದ ದೂರ, ಮನೆಗಳ ಸಮೀಪದ ಹಾಳು ನಿವೇಶನದಲ್ಲಿ ಕಟ್ಟಿರಿ ಎಂದೆ. ಅವನು ನಕ್ಕು, "ನಿಮ್ಮ 54 ಡೆಸಿಬೆಲ್ ನಮ್ಮ ನೆರೆಮನೆಯ ಅಜ್ಜನಿಗೂ ಕೇಳಿಸುವುದಲ್ಲ, ಸರ್!" ಎಂದ. ಈ ಮಾತಿಗೆ ನನ್ನಲ್ಲಿ ಸೂತ್ರವಿರಲಿಲ್ಲ. ಅಜ್ಜನೊಡನೆ ಕುಳಿತು ಬೆಳಗಿನ ಯಾವ ಹೊತ್ತು, ಎಷ್ಟು ಹೊತ್ತು ಎಂದು ಗೊತ್ತುಮಾಡಿಕೊಳ್ಳಬಹುದು. ಸಿಳ್ಳಾರದೊಡನೆ ಹಾಗೆ ಮಾಡುವಂತಿಲ್ಲ ಎಂದಷ್ಟೇ ಹೇಳಿದೆ.

ಅಂದು ಘಟ್ಟದಲ್ಲಿ ನಾಯಿಯನ್ನು ಕಾರಿನೊಳಗೆ ಕಟ್ಟಿ ಬಾಗಿಲು ಹಾಕಿದ ಮೇಲೆ, ಅಭ್ಯಾಸಬಲದಿಂದ ನಾನು ಗಡಿಯಾರವನ್ನು ನೋಡುತ್ತಲೇ ಇದ್ದೆ. ಹಕ್ಕಿಯ ಸಿಳ್ಳು ಮತ್ತೆ ಕೇಳಿದ್ದು ಹದಿನೇಳು ನಿಮಿಷಗಳ ಅನಂತರ. ಒಂದೇ ಅವಲೋಕನದಿಂದ ಏನನ್ನೂ ಸಾಧಿಸಲಾಗದೆಂಬುದು ಅವನಿಗೂ ಗೊತ್ತು. ಮುಂದಿನ ಮಳೆಗಾಲಕ್ಕೆ ನಾಯಿಯನ್ನು ಊರಲ್ಲಿ ಬಿಟ್ಟು, ತಾನೊಬ್ಬನೇ ಅದೇ ಪೊದೆಗಳ ಬಳಿ ನಾಲ್ಕು ನಿಮಿಷ ಓಡಾಡಿ ಹೋಲಿಸಿ ನೋಡುವುದಾಗಿ ಬರೆದಿದ್ದಾನೆ.