ಜರ್ಮನಿಯ ರೈತರ ಹಬ್ಬಗಳು

ಜರ್ಮನಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾರ್ಖಾನೆ, ಯಂತ್ರ, ಮೋಟಾರು. ಆ ದೇಶದಲ್ಲಿಯೂ ಹಳ್ಳಿಗಳುಂಟು, ಹೊಲ ಉಳುವ ಮನೆತನಗಳುಂಟು, ಅವರಿಗೆ ಅವರವೇ ಹಬ್ಬಗಳುಂಟು. ಕ್ರಿಸ್ಮಸ್, ಈಸ್ಟರುಗಳನ್ನು ಎಲ್ಲರೂ ಬಲ್ಲರು. ಆಳು, ಭೂಮಿ, ದನ, ಬೆಳೆ ಈ ನಾಲ್ಕರ ಋಣವನ್ನು ರೈತನಿಗೆ ವರ್ಷ ವರ್ಷವೂ ನೆನಪಿಗೆ ತರುವ ಬೇರೆ ನಾಲ್ಕು ಹಬ್ಬಗಳನ್ನು ಇಂದು ನಮ್ಮ ರೈತ ಬಾಂಧವರ ಮುಂದೆ ಇಡುತ್ತೇವೆ.

ಮೊದಲನೆಯದು ಫೆಬ್ರವರಿ ೨ರ ಲಿಖ್ಟ್‌ಮೆಸ್. ಅಂದು ಚರ್ಚುಗಳಲ್ಲಿ ಮೇಣದ ಬತ್ತಿಗಳನ್ನು ಆಶೀರ್ವದಿಸುತ್ತಾರೆ. ಹಿಂದೆ ದಕ್ಷಿಣದ ಬವೇರಿಯಾ ಸೀಮೆಯಲ್ಲಿ ಒಕ್ಕಲುಮನೆಯ ಆಳುಗಳ ವರ್ಷ ಮುಗಿಯುತ್ತಿದ್ದುದೂ ಅಂದೇ. ಯಜಮಾನನು ವರ್ಷದ ಸಂಬಳವನ್ನು ಎಣಿಸಿ ಕೊಡಬೇಕು. ಮನಸ್ಸಿದ್ದ ಆಳು ಅಲ್ಲಿಯೇ ಮುಂದುವರಿಯುವನು. ಇಲ್ಲದವನು ಗಂಟು ಕಟ್ಟಿ ಬೇರೆ ಮನೆ ಹಿಡಿಯುವನು. ನಡುವೆ ಕೆಲವು ದಿನಗಳ ಬಿಡುವು. ಇಂದು ಅಂತಹ ಆಳುಗಳಿಲ್ಲ. ಬತ್ತಿಯ ಹಬ್ಬ ಮಾತ್ರ ಉಳಿದಿದೆ.

ಎರಡನೆಯದು ಜೂನ್ ೨೪ರ ಸಂತ ಯೋಹಾನನ ಹಬ್ಬ. ಅದರ ಹೊತ್ತಿಗೆ ಗುಡ್ಡಗಳ ಮೇಲೆ ರಾತ್ರಿ ದೊಡ್ಡ ಬೆಂಕಿ ಹಾಕಿ ಜನ ಸುತ್ತ ನೆರೆಯುತ್ತಾರೆ. ಬೇಸಾಯಗಾರನಿಗೆ ಆ ದಿನದ ಅರ್ಥ ಬೇರೆ. ನಮ್ಮ ಶತಾವರಿಯ ಜಾತಿಗೆ ಸೇರಿದ ಷ್ಪಾರ್ಗೆಲ್ ಎಂಬ ತರಕಾರಿ ಅಲ್ಲಿ ಬಹಳ ಪ್ರಿಯ. ಏರು ಹಾಕಿದ ಮಣ್ಣಿನೊಳಗೆ ಮೊಳೆಯುವ ಅದರ ಬಿಳಿಯ ಕುಡಿಗಳನ್ನು ಏಪ್ರಿಲಿನಿಂದ ಕೊಯ್ಯುತ್ತಾರೆ. ಆದರೆ ಜೂನ್ ೨೪ಕ್ಕೆ ಕತ್ತಿ ಕೆಳಗಿಡುವುದು ವಾಡಿಕೆ. ಆಮೇಲೆ ಬರುವ ಕುಡಿಗಳನ್ನು ಬೆಳೆಯಬಿಟ್ಟರೆ ಅವು ಹಸುರಾಗಿ ಹರಡಿ ಬೇರಿಗೆ ಆಹಾರ ಕೂಡಿಡುತ್ತವೆ. ಅದೇ ಮುಂದಿನ ವರ್ಷದ ಬೆಳೆಗೆ ಬಂಡವಾಳ. ಆಸೆಗೆ ಬಿದ್ದು ಕೊಯ್ಯುತ್ತಲೇ ಹೋದರೆ ಬೇರು ಸೊರಗುತ್ತದೆ.

ಮೂರನೆಯದು ದನಗಳ ಹಬ್ಬ. ಆಲ್ಪ್ಸ್ ಪರ್ವತದ ಅಡಿಯಲ್ಲಿರುವ ಆಲ್‌ಗೊಯ್ ಸೀಮೆಯಲ್ಲಿ ಹಲವು ಮನೆಗಳ ಕಡಸುಗಳನ್ನು ಒಟ್ಟುಗೂಡಿಸಿ ಬೇಸಗೆಯಲ್ಲಿ ಮೇಲಿನ ಹುಲ್ಲುಗಾವಲಿಗೆ ಅಟ್ಟುತ್ತಾರೆ. ಸುಮಾರು ನೂರು ದಿನ ಅಲ್ಲಿ ಮೇಯಿಸಿ ಸೆಪ್ಟೆಂಬರಿನಲ್ಲಿ ಹಿಂಡನ್ನು ಇಳಿಸುತ್ತಾರೆ. ಊರ ಬಯಲಿನಲ್ಲಿ ಅವರವರ ದನಗಳನ್ನು ಅವರವರಿಗೆ ಬೇರ್ಪಡಿಸಿ ಒಪ್ಪಿಸುತ್ತಾರೆ. ಕೊರಳಿಗೆ ದೊಡ್ಡ ಗಂಟೆ, ಮುಂದೆ ನಡೆವ ಕಡಸಿನ ತಲೆಗೆ ಹೂವು, ಎಲೆ, ಕನ್ನಡಿಗಳ ಕಿರೀಟ. ಆದರೆ ಒಂದು ಕಟ್ಟುಪಾಡುಂಟು. ಬೆಟ್ಟದ ಮೇಲೆ ಒಂದೇ ಒಂದು ಜೀವ ಸತ್ತಿದ್ದರೂ ಆ ವರ್ಷ ಹಿಂಡಿಗೆ ಕಿರೀಟವಿಲ್ಲ. ಉಳಿದವೆಲ್ಲಾ ಎಷ್ಟೇ ಕೊಬ್ಬಿದ್ದರೂ ಬರಿದಲೆಯಲ್ಲಿಯೇ ಇಳಿಯಬೇಕು. ನಷ್ಟ ಒಬ್ಬನದಾದರೂ ದುಃಖ ಊರಿನದು.

ನಾಲ್ಕನೆಯದು ಎರ್ನ್‌ಟೆಡಾಂಕ್, ಎಂದರೆ ಸುಗ್ಗಿಯ ಕೃತಜ್ಞತೆಯ ಹಬ್ಬ. ಸಾಮಾನ್ಯವಾಗಿ ಅಕ್ಟೋಬರಿನ ಮೊದಲ ಭಾನುವಾರ. ತೆನೆಗಳಿಂದ ಹೆಣೆದ ಕಿರೀಟ, ರೊಟ್ಟಿ, ಆಲೂಗಡ್ಡೆ, ಕುಂಬಳ, ಸೇಬು, ದ್ರಾಕ್ಷಿ ಇವನ್ನೆಲ್ಲಾ ಚರ್ಚಿನ ಪೀಠದ ಮುಂದಿಟ್ಟು ದೇವರನ್ನು ನೆನೆಯುತ್ತಾರೆ.

ಈ ಹಬ್ಬದ ಮೇಲೆಯೇ ಒಮ್ಮೆ ಆಳುವವರ ಕಣ್ಣು ಬಿತ್ತು. ೧೯೩೩ರಿಂದ ೧೯೩೭ರವರೆಗೆ ಹಿಟ್ಲರನ ಸರಕಾರವು ಹಾಮೆಲ್ನ್ ಪಟ್ಟಣದ ಬಳಿಯ ಬ್ಯೂಕೆಬೆರ್ಗ್ ಗುಡ್ಡದಲ್ಲಿ ಇದನ್ನು ರಾಷ್ಟ್ರದ ಉತ್ಸವವನ್ನಾಗಿ ನಡೆಸಿತು. ರೈಲುಗಟ್ಟಲೆ ಬಂದು ನೆರೆದ ಜನ ಲಕ್ಷಾಂತರ. ಸೈನ್ಯದ ಅಣಕು ಯುದ್ಧವೂ ಅಲ್ಲಿ ನಡೆಯಿತು. ತೆನೆಯ ಕಿರೀಟವು ದೇವರ ಪೀಠವನ್ನು ಬಿಟ್ಟು ಹಿಟ್ಲರನ ಕೈಗೆ ಹೋಯಿತು. ಮೊದಲ ಉತ್ಸವಕ್ಕೆ ಎರಡೇ ದಿನ ಮುಂಚೆ, ಸೆಪ್ಟೆಂಬರ್ ೨೯ರಂದು, ಹೊಸ ಕಾನೂನೊಂದು ಹೊರಟಿತ್ತು. ಅದರ ಪ್ರಕಾರ ಯೆಹೂದ್ಯ ವಂಶದವನು ‘ರೈತ’ ಎಂಬ ಹೆಸರಿಗೇ ಅರ್ಹನಲ್ಲ! ೧೯೩೮ರಲ್ಲಿ ಉತ್ಸವ ನಡೆಯಲಿಲ್ಲ. ೧೯೩೯ರಲ್ಲಿ ಮಹಾಯುದ್ಧವೇ ಹತ್ತಿಕೊಂಡಿತು.

ಆ ಗುಡ್ಡದ ಅಬ್ಬರ ಅಡಗಿಹೋಯಿತು. ಹಳ್ಳಿಯ ಚರ್ಚಿನಲ್ಲಿ ಹಬ್ಬ ಮಾತ್ರ ಇಂದಿಗೂ ನಡೆಯುತ್ತಿದೆ. ಪೀಠದ ಮುಂದಿಟ್ಟ ಕಾಳು ಕಾಯಿಗಳನ್ನು ಹಲವು ಕಡೆ ಆಮೇಲೆ ಇಲ್ಲದವರಿಗೆ ಹಂಚುತ್ತಾರೆ. ಹಬ್ಬವು ಯಾರ ಕೈಯಲ್ಲಿದ್ದರೆ ಚೆನ್ನ ಎಂಬುದನ್ನು ಓದುಗರೇ ಯೋಚಿಸಲಿ.