ಸರ್ವರ್ ಬಿಜಿ ಇದೆ, ನಾಳೆ ಬನ್ನಿ

ನಾಡಕಚೇರಿಯಲ್ಲೋ ನೋಂದಣಿ ಕಚೇರಿಯಲ್ಲೋ ಈ ಮಾತು ಕೇಳದವರು ಕಡಿಮೆ. ಕೇಳಿದ ಕೂಡಲೇ ನಾವು ಯಂತ್ರವನ್ನು ಬೈಯುತ್ತೇವೆ. ಆದರೆ ಎಷ್ಟೋ ಸಲ ಯಂತ್ರ ಚೆನ್ನಾಗಿಯೇ ಇರುತ್ತದೆ, ಅದನ್ನು ಕೊಳ್ಳುವ ಮೊದಲು ಹಾಕಿದ ಲೆಕ್ಕ ತಪ್ಪಿರುತ್ತದೆ. ದಿನಕ್ಕೆ ಸರಾಸರಿ ಎಷ್ಟು ಅರ್ಜಿ ಬರುತ್ತವೆ ಎಂದು ಕೇಳಿ ಸರ್ವರ್ ತರಿಸುತ್ತಾರೆ. ಜನ ಸರಾಸರಿ ನೋಡಿಕೊಂಡು ಬರುವುದಿಲ್ಲ, ಕೊನೆಯ ದಿನ ಬೆಳಿಗ್ಗೆ ಒಟ್ಟಿಗೇ ಬರುತ್ತಾರೆ.

ಈ ಲೆಕ್ಕದ ಮೂಲಪುರುಷ ಕಂಪ್ಯೂಟರ್ ಕಂಡವನೇ ಅಲ್ಲ. ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಎರ್ಲಾಂಗ್ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ. ಕರೆಗಳು ಯಾವಾಗ ಬರುತ್ತವೆಂದು ಹೇಳಲಾಗದಿದ್ದರೂ ಆ ಅನಿಶ್ಚಿತತೆಗೂ ಒಂದು ಗಣಿತವಿದೆ ಎಂದು 1909ರಲ್ಲಿ ತೋರಿಸಿದ. ಇಷ್ಟು ಕರೆಗೆ ಎಷ್ಟು ಲೈನು ಬೇಕು ಎಂಬ ಸೂತ್ರ 1917ರಲ್ಲಿ ಬಂತು. ಇವತ್ತಿಗೂ ಸರ್ವರ್ ಯೋಜನೆಯ ತಳಪಾಯ ಅದೇ.

ಒಂದು ಕೋರಿಕೆ ಮುಗಿಸಲು ಸರ್ವರಿಗೆ ಸರಾಸರಿ ಒಂದು ಸೆಕೆಂಡು ಬೇಕು ಎನ್ನಿ. ಕೋರಿಕೆಗಳು ಅಡ್ಡಾದಿಡ್ಡಿಯಾಗಿ ಬರುತ್ತವೆ, ಕೆಲವು ಹೆಚ್ಚು ಹೊತ್ತು ಹಿಡಿಯುತ್ತವೆ, ಕೆಲವು ಕಡಿಮೆ. ಸರ್ವರಿನ ಸಾಮರ್ಥ್ಯದಲ್ಲಿ ಅರ್ಧದಷ್ಟು ಮಾತ್ರ ಬಳಕೆಯಾಗುತ್ತಿದ್ದರೆ ಉತ್ತರ ಸುಮಾರು 2 ಸೆಕೆಂಡಿನಲ್ಲಿ ಬರುತ್ತದೆ. ಬಳಕೆ ಶೇ. 80 ಆದರೆ 5 ಸೆಕೆಂಡು, ಶೇ. 90 ಆದರೆ 10, ಶೇ. 95 ಆದರೆ 20. ಕೊನೆಯ ಐದು ಪರ್ಸೆಂಟಿನಲ್ಲಿ ಕಾಯುವಿಕೆ ಇಮ್ಮಡಿಯಾಯಿತು, ನೋಡಿ. ಲೆಕ್ಕಪರಿಶೋಧಕರ ಕಣ್ಣಿಗೆ ಶೇ. 40 ಖಾಲಿ ಬಿದ್ದಿರುವ ಸರ್ವರ್ ದುಂದುವೆಚ್ಚದಂತೆ ಕಾಣುತ್ತದೆ. ನನ್ನ ಪ್ರಕಾರ ದುಡ್ಡು ಕೊಟ್ಟು ಕೊಳ್ಳಬೇಕಾದ್ದೇ ಆ ಖಾಲಿ ಜಾಗವನ್ನು.

ಕಡತ ಮೇಜಿಂದ ಮೇಜಿಗೆ ತಾನೇ ಸಾಗುವಂತೆ ಮಾಡುವ ವ್ಯವಸ್ಥೆಗಳಲ್ಲಿ ಇನ್ನೊಂದು ತೊಡಕಿದೆ. ನಮ್ಮ ಭೂಮಿ ಯೋಜನೆಯನ್ನೇ ತೆಗೆದುಕೊಳ್ಳಿ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಕೆಲಸ ಅದು. ಹಕ್ಕು ಬದಲಾವಣೆಗೆ ಅರ್ಜಿ ಬಿದ್ದರೆ ನೋಟಿಸು, ಆಕ್ಷೇಪಣೆಗೆ ಕಾಲಾವಕಾಶ, ಕಂದಾಯ ನಿರೀಕ್ಷಕರ ಆದೇಶ, ಆಮೇಲೆ ಹೊಸ ಪಹಣಿ. ತಡವಾಗಿ ಬಂದ ಅರ್ಜಿಯನ್ನು ಮುಂದಕ್ಕೆ ಎಳೆದುಕೊಳ್ಳಲು ತಂತ್ರಾಂಶ ಬಿಡುತ್ತಿರಲಿಲ್ಲ, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಇಲ್ಲಿ ಕಂಪ್ಯೂಟರ್ ದುಡಿಯುವುದು ಕ್ಷಣಗಳ ಲೆಕ್ಕದಲ್ಲಿ, ಮನುಷ್ಯರಿಗಾಗಿ ಕಾಯುವುದು ವಾರಗಳ ಲೆಕ್ಕದಲ್ಲಿ.

ಕಾಯುವ ಕಡತಗಳೆಷ್ಟು? 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಸಾಧಿಸಿದ ನಿಯಮ ಬಲು ಸರಳ: ದಿನಕ್ಕೆ ಬರುವ ಅರ್ಜಿಗಳನ್ನು ಒಂದೊಂದಕ್ಕೆ ಹಿಡಿಯುವ ದಿನಗಳಿಂದ ಗುಣಿಸಿ. ಒಂದು ತಾಲ್ಲೂಕಿನಲ್ಲಿ ದಿನಕ್ಕೆ 100 ಅರ್ಜಿ, ವಿಲೇವಾರಿಗೆ 30 ದಿನ ಎಂದಿಟ್ಟುಕೊಂಡರೆ ಯಾವಾಗ ನೋಡಿದರೂ 3,000 ಕಡತ ಬಾಕಿ. ಸಾಹೇಬರು ಚುನಾವಣೆ ಕೆಲಸಕ್ಕೆ ಹೋಗಿ ವಿಲೇವಾರಿ 60 ದಿನಕ್ಕೆ ಎಳೆದರೆ ಅದು 6,000ಕ್ಕೆ ಏರುತ್ತದೆ. ಒಂದು ಅರ್ಜಿಯೂ ಹೆಚ್ಚಿಗೆ ಬಂದಿಲ್ಲ, ಸರ್ವರ್ ನೆನಪಿಡಬೇಕಾದ್ದು ಮಾತ್ರ ಇಮ್ಮಡಿ.

ನೆನಪಿಡುವುದೆಂದರೆ ಡಿಸ್ಕಿಗೆ ಬರೆಯುವುದು. ಕರೆಂಟು ಹೋಗಿ ಬಂದರೂ ಕಡತ ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯಬೇಕಲ್ಲ! ಹಾಗಾಗಿ ಒಂದೊಂದು ಹೆಜ್ಜೆಗೂ ಕಡತದ ಹೊಸ ಸ್ಥಿತಿ, ಯಾರು ಒಪ್ಪಿದರು, ಯಾವಾಗ, ಮುಂದಿನ ಗಡುವು ಯಾವುದು, ಎಲ್ಲವೂ ಡೇಟಾಬೇಸಿನಲ್ಲಿ ದಾಖಲಾಗಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದುಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಮುಳ್ಳು ಅತ್ತಿತ್ತ ಸರಿಯಲು ಮತ್ತಷ್ಟು ಹೊತ್ತು. ಚದುರಿದ ಜಾಗಗಳಲ್ಲಿ ಬರೆಯುವುದಾದರೆ ಸೆಕೆಂಡಿಗೆ ಸುಮಾರು ನೂರು ಸಲ ಅಷ್ಟೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಅದು ಸಾವಿರಗಟ್ಟಲೆ ಸಲ ಬರೆಯುತ್ತದೆ. ಇಂಥ ವ್ಯವಸ್ಥೆಗೆ ದುಬಾರಿ ಪ್ರೊಸೆಸರ್ ಕೊಂಡು ಡಿಸ್ಕಿನಲ್ಲಿ ಉಳಿತಾಯ ಮಾಡುವುದು ಶುದ್ಧ ದಡ್ಡತನ.

ಭೂಮಿಗೆ ಮೊದಲು ತಾಲ್ಲೂಕಿಗೊಂದು ಸರ್ವರ್ ಇತ್ತು, ಆಮೇಲೆ ಎಲ್ಲವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಬಂತು. ಹೀಗೆ ಒಟ್ಟುಗೂಡಿಸಿದರೆ ಏನು ಲಾಭ ಎಂಬುದಕ್ಕೆ ಎರ್ಲಾಂಗನ ಸೂತ್ರದಲ್ಲೇ ಉತ್ತರವಿದೆ. ಸದಾ ಸರಾಸರಿ 10 ಕರೆ ನಡೆಯುವ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ನೂರಕ್ಕೊಂದು ಕರೆಯಷ್ಟೇ ತಪ್ಪಬೇಕೆಂದರೆ 18 ಲೈನು ಬೇಕು. ಅಂಥ ಹತ್ತು ಕೇಂದ್ರಗಳಿಗೆ 180. ಹತ್ತನ್ನೂ ಒಂದು ಮಾಡಿದರೆ ಸುಮಾರು 117 ಸಾಕು, ಏಕೆಂದರೆ ಎಲ್ಲ ಊರಿನಲ್ಲೂ ಒಂದೇ ಗಳಿಗೆಗೆ ನೂಕುನುಗ್ಗಲು ಆಗುವುದಿಲ್ಲ. ಕಡೆಯ ದಿನಾಂಕವನ್ನು ಇಡೀ ರಾಜ್ಯಕ್ಕೆ ಒಂದೇ ಮಾಡಿದರೆ ಮಾತ್ರ ಈ ಲಾಭ ಕೈತಪ್ಪುತ್ತದೆ. ದತ್ತಾಂಶ ಕೇಂದ್ರದ ಸಂಪರ್ಕ ಕಡಿದರೆ ಎಲ್ಲ ತಾಲ್ಲೂಕೂ ಒಟ್ಟಿಗೆ ನಿಲ್ಲುತ್ತದೆಂಬ ಭಯವೂ ಇದ್ದದ್ದೇ, ಅದಕ್ಕೆ ಇನ್ನೊಂದು ಕಡೆ ಜೋಡಿ ಕೇಂದ್ರ ಬೇಕು.

ಲೆಕ್ಕ ತಪ್ಪಿದ್ದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಹೆಲ್ತ್‌ಕೇರ್ ಡಾಟ್ ಗವ್. ಆರೋಗ್ಯ ವಿಮೆ ಕೊಳ್ಳುವ ಈ ತಾಣ 2013ರ ಅಕ್ಟೋಬರ್ 1ರಂದು ತೆರೆಯಿತು. ಏಕಕಾಲಕ್ಕೆ 50-60 ಸಾವಿರ ಜನ ಬರಬಹುದೆಂದುಕೊಂಡಿದ್ದರು, ಬಂದವರು ಎರಡೂವರೆ ಲಕ್ಷದವರೆಗೆ. ಮೊದಲ ದಿನ ವಿಮೆ ಮಾಡಿಸಲು ಆದದ್ದು ಆರು ಮಂದಿಗೆ! ಬರೀ ಜನರ ಎಣಿಕೆಯ ತಪ್ಪಲ್ಲ ಅದು. ವಿಮೆಗಳ ದರ ಸುಮ್ಮನೆ ನೋಡಬೇಕೆಂದವರೂ ಮೊದಲು ಖಾತೆ ತೆರೆಯಬೇಕಿತ್ತು. ಎಲ್ಲರೂ ಆ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡರು. ಕೆಲಸವಾಗದವರು ಮತ್ತೆ ಮತ್ತೆ ಒತ್ತಿದರೆ ಒಬ್ಬರ ಕೋರಿಕೆ ಹತ್ತಾಗುತ್ತದೆ. ಆಮೇಲೆ ಡೇಟಾಬೇಸ್ ಬಲಪಡಿಸಿ, ನೂರಾರು ತಪ್ಪು ತಿದ್ದಿ, ದಟ್ಟಣೆ ಹೆಚ್ಚಾದಾಗ ಜನರನ್ನು ಸಾಲಿನಲ್ಲಿ ನಿಲ್ಲಿಸುವ ಏರ್ಪಾಟು ಮಾಡಿದರು. 8 ಸೆಕೆಂಡು ಹಿಡಿಯುತ್ತಿದ್ದ ಪುಟ ನವೆಂಬರ್ ಕೊನೆಗೆ ಒಂದು ಸೆಕೆಂಡಿನೊಳಗೆ ತೆರೆಯತೊಡಗಿತು.

ನಿಮ್ಮ ಸಹಕಾರ ಸಂಘಕ್ಕೋ ಕಾಲೇಜಿಗೋ ಇಂಥ ವ್ಯವಸ್ಥೆ ತರಿಸುವಾಗ ಮಾರುವವರು ಎಷ್ಟು ಕೋರ್, ಎಷ್ಟು ಜಿಬಿ ಎಂದು ಹೇಳುತ್ತಾರೆ. ನೀವು ಬೇರೆ ಎರಡು ಅಂಕಿ ಬರೆಸಿಕೊಳ್ಳಿ: ಅತಿ ದಟ್ಟಣೆಯ ಗಂಟೆಯಲ್ಲಿ ಎಷ್ಟು ಕೋರಿಕೆ ತಾಳುತ್ತದೆ, ಆಗ ಉತ್ತರಕ್ಕೆ ಎಷ್ಟು ಸೆಕೆಂಡು. ಕೃತಕ ಕೋರಿಕೆಗಳನ್ನು ಸುರಿದು ಅದನ್ನು ಪರೀಕ್ಷಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ನಿಮ್ಮ ಕಣ್ಣೆದುರೇ ಆ ಪರೀಕ್ಷೆ ಮಾಡಿ ತೋರಿಸಲಿ, ಆಮೇಲೆ ಚೆಕ್ಕಿಗೆ ಸಹಿ ಹಾಕಿ.