ಅಂಕಿಗಳ ಅಡಕ

ಜಮಖಂಡಿಗೆ ಸಮೀಪದ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಒಂದು ಬ್ಯಾರೇಜು ಇದೆ. ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, 1989ರಲ್ಲಿ ಅದನ್ನು ಕಟ್ಟಿದರು. ನೀರನ್ನು ಕೂಡಿಟ್ಟವರಿಗೆ ಅದರ ಮಟ್ಟವೂ ತಿಳಿದಿರಬೇಕು. ಇಂತಹ ಸ್ಥಳದಲ್ಲಿ ಉಪಕರಣವೊಂದು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ದಾಖಲಿಸುತ್ತದೆ ಎಂದು ಭಾವಿಸಿದರೆ, ಒಂದು ವರ್ಷಕ್ಕೆ 5,25,600 ಅಂಕಿಗಳಾಗುತ್ತವೆ. ಇಷ್ಟನ್ನೂ ಗಣಕಯಂತ್ರದ ಕಡತದಲ್ಲಿ ಚಿಕ್ಕದಾಗಿ ಅಡಕಮಾಡುವುದು ಹೇಗೆ?

ಸೆಂಟಿಮೀಟರುಗಳಲ್ಲಿ ಮಟ್ಟವು 51942, 51943, 51943, 51944 ಎಂದು ಬಂದಿತೆನ್ನೋಣ. ನದಿಯು ನಿಮಿಷದೊಳಗೆ ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದುದರಿಂದ ಮೊದಲನೆಯ ಅಂಕಿಯನ್ನು ಪೂರ್ತಿಯಾಗಿ ಬರೆದು, ಮುಂದೆ ವ್ಯತ್ಯಾಸಗಳನ್ನು ಮಾತ್ರ ಬರೆದರೆ ಸಾಕು: 51942, 1, 0, 1. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಮೇಲಿನ ಬೆಲೆಯೇ ಮತ್ತೆ ಬಂದಾಗ ಎರಡು ಗೀಟು ಹಾಕುವ ಜಾಣತನವೂ ಇದೇ. ವ್ಯತ್ಯಾಸಗಳನ್ನು ಒಂದೊಂದಾಗಿ ಕೂಡುತ್ತ ಹೋದರೆ ಮೂಲದ ಅಂಕಿಗಳೆಲ್ಲವೂ ಚಾಚೂ ತಪ್ಪದೆ ಮರಳಿ ದೊರೆಯುತ್ತವೆ.

ಹೀಗೆ ಮಾಡಿದಾಗ ಸೊನ್ನೆ, ಒಂದುಗಳೇ ಪದೇ ಪದೇ ಬರುತ್ತವೆ. ಹೆಚ್ಚಾಗಿ ಬರುವುದಕ್ಕೆ ಗಿಡ್ಡ ಸಂಕೇತವನ್ನೂ ಅಪರೂಪವಾದುದಕ್ಕೆ ಉದ್ದನೆಯದನ್ನೂ ಕೊಡುವ ಅತ್ಯುತ್ತಮ ಕ್ರಮವೊಂದನ್ನು ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದನು. ಕಳೆಯುವ ಲೆಕ್ಕಕ್ಕೆ ಯಂತ್ರವು ಬಹಳ ಹೊತ್ತು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಕೆಲಸವೂ ಬೇಗ ಮುಗಿಯುತ್ತದೆ. 1986ರ ಜನವರಿಯಲ್ಲಿ ವಾಯೇಜರ್-2 ನೌಕೆಯು ಸುಮಾರು 300 ಕೋಟಿ ಕಿಲೋಮೀಟರು ದೂರದ ಯುರೇನಸ್ಸಿನ ಚಿತ್ರಗಳನ್ನು ಕಳುಹಿಸಿದ್ದೂ ಈ ಉಪಾಯದಿಂದಲೇ. ಪ್ರತಿ ಚುಕ್ಕೆಯ ಬೆಳಕಿನ ಪ್ರಮಾಣಕ್ಕೆ ಬದಲಾಗಿ ಪಕ್ಕದ ಚುಕ್ಕೆಗೂ ಅದಕ್ಕೂ ಇರುವ ವ್ಯತ್ಯಾಸವನ್ನು ರವಾನಿಸಿದ್ದರಿಂದ ಸಂಕೇತಗಳ ಹೊರೆ ಅರ್ಧಕ್ಕಿಂತಲೂ ಕಡಿಮೆಯಾಯಿತು.

ಕಡತವನ್ನು ಇನ್ನೂ ಕಿರಿದುಗೊಳಿಸುವ ಆಸೆಯಿಂದ ಕೆಲವು ಅಂಕಿಗಳನ್ನು ಕೈಬಿಟ್ಟು, ದಿನದ ಸರಾಸರಿಯನ್ನಷ್ಟೇ ಉಳಿಸಬಹುದು. ಮದುವೆಯ ಭಾವಚಿತ್ರದಲ್ಲಾದರೆ ಅಂತಹ ನಷ್ಟವು ಕಣ್ಣಿಗೆ ಬೀಳದು. ನದಿಯ ವಿಷಯ ಹಾಗಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದಳು. ಅಂತಹ ದಿನ ನೀರು ಯಾವ ಹೊತ್ತಿನಲ್ಲಿ, ಎಷ್ಟು ಎತ್ತರಕ್ಕೆ ಏರಿತೆಂಬುದು ಸರಾಸರಿಯಲ್ಲಿ ಕಾಣಿಸದು. ಮುಂದಿನ ಪ್ರವಾಹಕ್ಕೆ ಮುನ್ನೆಚ್ಚರಿಕೆ ಕೊಡಬೇಕಾದವರಿಗೆ ಬೇಕಾಗುವುದು ಮಾತ್ರ ಅದೇ ಅಂಕಿ. ಪ್ರವಾಹದ ದಿನ ವ್ಯತ್ಯಾಸಗಳು ದೊಡ್ಡವಾಗುತ್ತವೆ, ಸಂಕೇತಗಳು ಉದ್ದವಾಗುತ್ತವೆ, ಕಡತವೂ ಹಿಗ್ಗುತ್ತದೆ. ಆ ದಿನ ಅದು ಹಿಗ್ಗಲೇಬೇಕು.